ಪೊರಕೆ ಯಾರ ಕೈಯಲ್ಲಿ?



ಇವತ್ತು ಶಾಲೆಯ ವಿಷಯ ಮಾತಾಡೋಣ. ಶಾಲೆಯಲ್ಲಿ ಮಕ್ಕಳಿಗೆ ಅವರ ಹಕ್ಕು ಕಲಿಸಬೇಕು, ಹೊಣೆಯನ್ನೂ ಕಲಿಸಬೇಕು. “ಹಕ್ಕು ಅಂತ ಹೇಳಿಕೊಟ್ಟರೆ ಮಕ್ಕಳು ಎದುರು ಮಾತಾಡೋದಿಲ್ವಾ?” ಅಂತ ನಿಮಗೆ ಅನ್ನಿಸಬಹುದು. ಆಡಲಿ ಬಿಡಿ. ಕೇಳುವ ಮಗುವೇ ಕಲಿಯುತ್ತದೆ.

ಹಕ್ಕು ಅಂದರೆ ನಮಗೆ ಸಲ್ಲಬೇಕಾದದ್ದು. 2009ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಬಂತು. 2010ರ ಏಪ್ರಿಲ್ 1ರಿಂದ ಜಾರಿಯಾಯಿತು. 6ರಿಂದ 14 ವರ್ಷದ ಪ್ರತಿ ಮಗುವಿಗೂ ಉಚಿತ ಶಿಕ್ಷಣ ಸಿಗಬೇಕು. ತಮ್ಮನನ್ನು ಆಡಿಸಲು ಮನೆಯಲ್ಲಿ ಉಳಿಸಿಕೊಂಡ ಹುಡುಗಿಗೂ ಸಿಗಬೇಕು.

“ಹೊಡೆದಾದರೂ ಬುದ್ಧಿ ಕಲಿಸಿ ಮೇಷ್ಟ್ರೇ” ಅಂತ ನಾವೇ ಹೇಳ್ತೀವಿ. ಹಾಗೆ ಹೇಳಬೇಡಿ. ಶಾಲೆಯಲ್ಲಿ ಮಗುವನ್ನು ಹೊಡೆಯುವಂತಿಲ್ಲ. ಮನಸ್ಸು ನೋಯಿಸಿ ಹೀಯಾಳಿಸುವಂತಿಲ್ಲ. ಅದೂ ಆ ಕಾಯ್ದೆಯಲ್ಲೇ ಇದೆ. ತಾಯಿ ಒಪ್ಪಿದರೂ ಹೊಡೆಯುವಂತಿಲ್ಲ.

ಹೊಣೆ ಅಂದರೆ ಏನು? ಹೇಳಿದ್ದಕ್ಕೆಲ್ಲ ತಲೆ ಆಡಿಸುವುದಲ್ಲ. ಶಾಲೆಯ ನಲ್ಲಿ ನೋಡಿ. ಕುಡಿಯುವ ನೀರು ಮಗುವಿನ ಹಕ್ಕು. ಕುಡಿದ ಮೇಲೆ ನಲ್ಲಿ ನಿಲ್ಲಿಸುವುದು ಹೊಣೆ. ಯಾಕೆ? ಹಿಂದೆ ನಿಂತವಳಿಗೂ ಬಾಯಾರಿಕೆ ಇದೆ. ನೀರು ಅವಳ ಹಕ್ಕೂ ಹೌದು. ಇಷ್ಟನ್ನು ಒಂದನೇ ತರಗತಿಯ ಮಗುವಿಗೂ ತಿಳಿಸಬಹುದು.

ಇನ್ನು ಕಸ ಗುಡಿಸುವ ಮಾತು. ಎಲ್ಲ ಮಕ್ಕಳೂ ಸರದಿಯಂತೆ ತಮ್ಮ ತರಗತಿ ಗುಡಿಸಿದರೆ ಅದು ಹೊಣೆ. ಹುಡುಗರು ಆಡುತ್ತಾ ಇದ್ದು, ಹುಡುಗಿಯರೇ ಗುಡಿಸಿದರೆ? ಒಂದೇ ಕೇರಿಯ ಮಕ್ಕಳಿಗೆ ದಿನಾ ಪೊರಕೆ ಕೊಟ್ಟರೆ? ಅದು ಅನ್ಯಾಯ. ಬೋರ್ಡಿನ ಮೇಲೆ ‘ಎಲ್ಲರೂ ಸಮಾನರು’ ಅಂತ ಬರೆದಿರುತ್ತದೆ. ಮಕ್ಕಳು ಬೋರ್ಡನ್ನೂ ನೋಡುತ್ತಾರೆ, ಪೊರಕೆ ಯಾರ ಕೈಯಲ್ಲಿದೆ ಅಂತಲೂ ನೋಡುತ್ತಾರೆ. ಶೌಚಾಲಯ ತೊಳೆಯುವ ಕೆಲಸವನ್ನಂತೂ ಯಾವ ಮಗುವಿಗೂ ಹಚ್ಚಬಾರದು. (ಮನೆಯಲ್ಲೂ ಹೀಗೇ. ಮಗಳಿಗೆ ಮಾತ್ರ ಮುಸುರೆ, ಮಗನಿಗೆ ಗೋಲಿ ಆಟ. ಅವನೂ ತಟ್ಟೆ ತೊಳೆಯಲಿ.)

ಇದನ್ನೆಲ್ಲ ಎಲ್ಲಿ ಕೇಳಬೇಕು? ಸರ್ಕಾರಿ ಶಾಲೆಗೆ ಒಂದು ಸಮಿತಿ ಇರುತ್ತದೆ. ಎಸ್‌ಡಿಎಂಸಿ ಅಂತಾರೆ. ಕಾಯ್ದೆ ಪ್ರಕಾರ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಜನ ಮಕ್ಕಳ ತಂದೆತಾಯಿ, ಪೋಷಕರು. ಸದಸ್ಯರಲ್ಲಿ ಅರ್ಧ ಜನ ಹೆಂಗಸರಿರಬೇಕು. ಎಷ್ಟೋ ಕಡೆ ಹೆಸರು ಹೆಂಡತಿಯದು, ಸಭೆಗೆ ಹೋಗುವುದು ಗಂಡ. ನೀವೇ ಹೋಗಿ. ನಲ್ಲಿಯಲ್ಲಿ ನೀರು ಬರುತ್ತದೆಯೇ, ಗುಡಿಸುವ ಸರದಿಯಲ್ಲಿ ಎಲ್ಲರ ಹೆಸರಿದೆಯೇ, ಕೇಳಿ. ಕೊನೆಗೆ ಸಭೆಯ ಪುಸ್ತಕ ಕೊಟ್ಟು ಸಹಿ ಕೇಳುತ್ತಾರೆ. ಏನು ಬರೆದಿದ್ದಾರೆ ಅಂತ ಪೂರ್ತಿ ಓದಿ, ಆಮೇಲೆ ಸಹಿ ಹಾಕಿ. ಈಗ ನಿಮಗೆ ಓದಲು ಬರುತ್ತದಲ್ಲ.