ಹೊದಿಕೆಯಿಂದ ಸೋರುವ ಶಾಖ

ಹಂಡೆಯ ನೀರು ಕಾದ ಮೇಲೆ ಅದರ ಬಾಯಿಗೆ ತಟ್ಟೆ ಮುಚ್ಚುವುದು ನಮ್ಮ ಮನೆಗಳ ವಾಡಿಕೆ. ಕಾರ್ಖಾನೆಯ ಉಗಿಕೊಳವೆಗಳಿಗೆ ಖನಿಜದ ಉಣ್ಣೆಯನ್ನು ಸುತ್ತಿ, ಮೇಲೆ ಅಲ್ಯೂಮಿನಿಯಂ ತಗಡು ಹೊದಿಸುವುದೂ ಇದೇ ವಿವೇಕದಿಂದ. ಸಾಬೂನು ತಯಾರಿಕೆಗೆ, ಬಟ್ಟೆಯ ಬಣ್ಣಗಾರಿಕೆಗೆ ಉಗಿ ಬೇಕು. ಉಲ್ಲಾಳದ ಉತ್ತರಕ್ಕಿರುವ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಬಾಯ್ಲರ್ ಇದ್ದೆಡೆಯಲ್ಲೆಲ್ಲ ಇಂಥ ಕೊಳವೆಗಳುಂಟು.

ಹೊದಿಕೆಯ ಬೆಲೆ ಎಷ್ಟೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಸುತ್ತಲಿನ ಗಾಳಿ 30 ಡಿಗ್ರಿ ಸೆಂಟಿಗ್ರೇಡ್ ಇದ್ದು ಅಲುಗದೆ ಇರುವಾಗ, ಮೈ 150 ಡಿಗ್ರಿಗೆ ಕಾದ ಬರಿಗೊಳವೆ ಪ್ರತಿ ಚದರ ಮೀಟರಿಗೆ ಗಂಟೆಗೆ ಸುಮಾರು 1,900 ಕಿಲೋಕ್ಯಾಲೊರಿ ಶಾಖವನ್ನು ಚೆಲ್ಲುತ್ತದೆ. ಇಪ್ಪತ್ತೈದು ಲೀಟರು ತಣ್ಣೀರನ್ನು ಕುದಿಸಲು ಅಷ್ಟು ಸಾಕು. ಹೊದಿಕೆಯ ಹೊರಮೈ 50 ಡಿಗ್ರಿಗೆ ಇಳಿದರೆ ನಷ್ಟ ಸುಮಾರು 220ಕ್ಕೆ ಇಳಿಯುತ್ತದೆ.

ಆದರೆ ಆ ಹೊರಮೈಯ ಬಿಸಿಯನ್ನು ಸ್ಥಳದಲ್ಲಿ ಅಳೆಯುವುದು ತೋರುವಷ್ಟು ಸುಲಭವಲ್ಲ. ದೂರದಿಂದ ಓದುವ ಅವಗೆಂಪು ಮಾಪಕವನ್ನು ಹೊಳೆಯುವ ತಗಡಿಗೆ ಹಿಡಿದರೆ, ಅದು ಕನ್ನಡಿಯಂತೆ ಪ್ರತಿಫಲಿಸುವ ಸುತ್ತಣ ವಸ್ತುಗಳ ಬಿಸಿಯನ್ನೇ ಬಹುಮಟ್ಟಿಗೆ ತೋರಿಸುತ್ತದೆ. ತಗಡಿಗೆ ಕಪ್ಪು ಪಟ್ಟಿಯೊಂದನ್ನು ಅಂಟಿಸಿ, ಅದೂ ಅಷ್ಟೇ ಬಿಸಿಯಾದ ಮೇಲೆ ಅದರ ಮೇಲೆ ಅಳೆಯಬೇಕು.

ಗಾಳಿಯ ಮೋಸ ಇನ್ನೂ ದೊಡ್ಡದು. ಗಾಳಿ ಬೀಸಿದಾಗ ಹೊರಮೈ ತಣ್ಣಗಾಗುತ್ತದೆ. ಹೊದಿಕೆ ಚೆನ್ನಾಗಿದೆಯೆಂದು ನೋಡಿದವರಿಗೆ ಸಮಾಧಾನವಾಗುತ್ತದೆ. ನಿಜವಾಗಿ ಆ ಗಾಳಿಯೇ ಶಾಖವನ್ನು ಹೊತ್ತೊಯ್ಯುತ್ತಿರುತ್ತದೆ. ಬಿಸಿ ಕಾಫಿಯನ್ನು ಊದಿ ಕುಡಿಯುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬಿಸಿಲಾದರೋ ಇಲ್ಲದ ನಷ್ಟವನ್ನು ತೋರಿಸುತ್ತದೆ. ಆದ್ದರಿಂದ ಬಿಸಿಲೇರುವ ಮೊದಲು, ಗಾಳಿ ಅಡಗಿರುವಾಗ ಅಳೆದು, ಸುತ್ತಲಿನ ಉಷ್ಣತೆಯನ್ನೂ ಜೊತೆಗೇ ಬರೆದಿಡಬೇಕು.

ಮಳೆಗಾಲದಲ್ಲಿ ತಗಡಿನ ಸಂದಿನಿಂದ ನೀರಿಳಿದರೆ, ಉಣ್ಣೆಯ ಎಳೆಗಳ ನಡುವೆ ನಿಂತಿದ್ದ ಗಾಳಿಯ ಜಾಗವನ್ನು ನೀರು ಹಿಡಿಯುತ್ತದೆ. ನೀರು ಗಾಳಿಗಿಂತ ಇಪ್ಪತ್ತು ಪಾಲಿಗೂ ಹೆಚ್ಚಾಗಿ ಶಾಖವನ್ನು ಸಾಗಿಸುತ್ತದೆ. ನೆನೆದ ಕಂಬಳಿ ಹೊದ್ದವನ ಪಾಡೇ ಆ ಕೊಳವೆಯ ಪಾಡು.

2001ರ ಶಕ್ತಿ ಸಂರಕ್ಷಣಾ ಕಾಯಿದೆಯು, ಹೆಚ್ಚು ಶಕ್ತಿ ಬಳಸುವುವೆಂದು ಗುರುತಿಸಿದ ದೊಡ್ಡ ಉದ್ಯಮಗಳಿಗೆ ಇಂಥ ತಪಾಸಣೆಯನ್ನು ವಿಧಿಸಿದೆ. ಚಿಕ್ಕ ಕಾರ್ಖಾನೆಯವರು ತಾವಾಗಿಯೇ ಮಾಡಿಕೊಳ್ಳಬೇಕು. ನಿಮ್ಮ ಮನೆಯವರು ಯಾರಾದರೂ ಬಾಯ್ಲರ್ ಮನೆಯಲ್ಲಿ ದುಡಿಯುತ್ತಿದ್ದರೆ ಇದೊಂದು ಮಾತನ್ನು ಅವರಿಗೆ ತಿಳಿಸಿ: ರಿಪೇರಿಗೆಂದು ಬಿಚ್ಚಿದ ಹೊದಿಕೆಯನ್ನು ಮತ್ತೆ ಹಾಕದೆ ಬಿಟ್ಟ ವಾಲ್ವುಗಳನ್ನು ಮೊದಲು ನೋಡಲಿ. ಅಲ್ಲಿ ಉಳಿಯುವುದು ಉರುವಲಷ್ಟೇ ಅಲ್ಲ, ಪಕ್ಕದಲ್ಲಿ ನಿಂತು ಕೆಲಸಮಾಡುವವನ ಕೈಯೂ ಹೌದು.