ಎರಡನೆಯ ಮಗುವಿನ ಮಾತು ಎಲ್ಲಿ ಶುರುವಾಗಬೇಕು?



ಥಲಸ್ಸೀಮಿಯಾ ಇರುವ ಮಗುವಿಗೆ ಎರಡು ಮೂರು ವಾರಕ್ಕೊಮ್ಮೆ ರಕ್ತ ಹಾಕುವುದು ಮಕ್ಕಳ ವಿಭಾಗದ ಕೆಲಸ. ಅದರ ತಾಯಿ ಮತ್ತೆ ಬಸಿರಾದರೆ ನೋಡಿಕೊಳ್ಳುವುದು ಹೆರಿಗೆ ವಿಭಾಗದ ಕೆಲಸ. ಹೀಗೆ ಹಂಚಿಕೊಂಡ ಕೆಲಸದ ನಡುವೆ ತಂದೆತಾಯಿಗೆ ಹೇಳಲೇಬೇಕಾದ ಮಾತೊಂದು ಯಾರ ಪಾಲಿಗೂ ಬರದೆ ಉಳಿದುಬಿಡುತ್ತದೆ. ಎರಡನೆಯ ಮಗುವಿನ ಮಾತು ಮೊದಲ ಮಗುವಿಗೆ ರಕ್ತ ಹಾಕುವ ಹಾಸಿಗೆಯ ಪಕ್ಕದಲ್ಲೇ ಶುರುವಾಗಬೇಕು ಎಂಬುದೇ ಈ ಸಂಕಿರಣದ ಮುಂದೆ ನಾನಿಡುವ ಆಶಯ.

ಮೊದಲ ಕಾರಣ ಕಾಲದ್ದು. ಗರ್ಭದ 11ರಿಂದ 14ನೇ ವಾರದ ನಡುವೆ ಮಾಸಿನ ಚೂರು ತೆಗೆದು ಭ್ರೂಣಕ್ಕೆ ರೋಗವಿದೆಯೇ ಎಂದು ನೋಡಬಹುದು. ಆದರೆ ಏನನ್ನು ಹುಡುಕಬೇಕೆಂದು ಪ್ರಯೋಗಾಲಯಕ್ಕೆ ಗೊತ್ತಿರಬೇಕಾದರೆ, ಗಂಡಹೆಂಡಿರಿಬ್ಬರ ಬೀಟಾ ಗ್ಲೋಬಿನ್ ಜೀನ್‌ನ ದೋಷ ಯಾವುದೆಂದು ಮೊದಲೇ ತಿಳಿದಿರಬೇಕು. ಐದು ತಿಂಗಳು ತುಂಬಿದ ಮೇಲೆ ಬಂದವರ ಪಾಲಿಗೆ ಈ ಅನುಕೂಲ ಇದ್ದೂ ಇಲ್ಲದಂತೆ. ಕಾನೂನು ಅಡ್ಡ ಬಂದೀತೆಂಬ ಅಳುಕಿಗೂ ಆಧಾರವಿಲ್ಲ. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಕಾಯ್ದೆಯೇ ಹಿಮೋಗ್ಲೋಬಿನ್ ದೋಷಗಳ ಪತ್ತೆಗೆ, ನಿಯಮಗಳಿಗೆ ಒಳಪಟ್ಟು, ಅವಕಾಶ ಕೊಟ್ಟಿದೆ.

ಎರಡನೆಯ ಕಾರಣ ಲೆಕ್ಕದ್ದು. ಇಬ್ಬರೂ ವಾಹಕರಾದರೆ ಮಗುವಿಗೆ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. "ನಮಗೆ ಆ ಒಂದು ಆಗಿಹೋಯಿತು, ಉಳಿದ ಮೂರು ಚೆನ್ನಾಗಿರುತ್ತವೆ" ಎಂದು ಮನೆಯವರು ಅರ್ಥ ಮಾಡಿಕೊಂಡರೆ ತಪ್ಪು ಹೇಳಿದವರದು. ಕವಡೆಗೆ ಹಿಂದಿನ ಗರ ನೆನಪಿರುವುದಿಲ್ಲ. ಪ್ರತಿ ಬಸಿರಿಗೂ ಅದೇ ನಾಲ್ಕರಲ್ಲಿ ಒಂದು. ಅಸ್ಥಿಮಜ್ಜೆ ಕೊಡಲು ತಮ್ಮನೋ ತಂಗಿಯೋ ಹುಟ್ಟಲಿ ಎಂಬ ಆಸೆಯನ್ನೂ ಇದೇ ಲೆಕ್ಕಕ್ಕೆ ಹಚ್ಚಿ ನೋಡಿ. ಒಡಹುಟ್ಟಿದವರ ಮಜ್ಜೆ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು, ರೋಗವಿಲ್ಲದೆ ಹುಟ್ಟುವ ಸಾಧ್ಯತೆ ನಾಲ್ಕರಲ್ಲಿ ಮೂರು. ಎರಡೂ ಕೂಡಿಬರುವುದು ಹದಿನಾರರಲ್ಲಿ ಮೂರು ಸಲ. ಹುಟ್ಟುವ ಮಗುವಿಗೂ ರೋಗ ಬರುವ ಸಾಧ್ಯತೆ ಹದಿನಾರರಲ್ಲಿ ನಾಲ್ಕು. ಆಸೆಗಿಂತ ಅಪಾಯವೇ ಒಂದು ಹಿಡಿ ಹೆಚ್ಚು. ಇದನ್ನು ತಿಳಿದೂ ದಂಪತಿ ಮುಂದುವರಿದರೆ ಅದು ಅವರ ಆಯ್ಕೆ. ತಿಳಿಸದೆ ಬಿಟ್ಟರೆ ಅದು ನಮ್ಮ ಲೋಪ.

ಇಂಥ ಮಾತು ಬದುಕಿರುವ ಮಕ್ಕಳಿಗೆ "ನೀವು ಹುಟ್ಟಬಾರದಿತ್ತು" ಎಂದು ಹೇಳಿದಂತಲ್ಲವೇ ಎಂಬ ಆಕ್ಷೇಪ ಹಗುರವಾದದ್ದಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಥಲಸ್ಸೀಮಿಯಾ, ಹಿಮೋಫಿಲಿಯಾ, ಕುಡಗೋಲು ಕಣ ರೋಗ ಮೂರನ್ನೂ ತನ್ನ ಪಟ್ಟಿಗೆ ಸೇರಿಸಿ ಆ ಮಕ್ಕಳ ಘನತೆಯನ್ನು ಎತ್ತಿಹಿಡಿದಿದೆ. ಅದಕ್ಕೇ ಮಾಹಿತಿ ಕೊಡುವುದು ಬೇರೆ, ಆಜ್ಞೆ ಮಾಡುವುದು ಬೇರೆ ಎಂಬ ಗೆರೆ ನಮಗೆ ಸ್ಪಷ್ಟವಿರಬೇಕು. ಇಟಲಿಯ ಸಾರ್ಡೀನಿಯಾದಲ್ಲಿ 1970ರ ದಶಕದಿಂದ ಸ್ವಇಚ್ಛೆಯ ಪರೀಕ್ಷೆ ಮತ್ತು ಸಮಾಲೋಚನೆ ನಡೆದು, 250 ಜನನಕ್ಕೆ ಒಂದರಂತೆ ಇದ್ದ ರೋಗ 4,000ಕ್ಕೆ ಒಂದರ ಮಟ್ಟಕ್ಕೆ ಇಳಿಯಿತು. ಅದಕ್ಕೆ ಕಡ್ಡಾಯ ಬೇಕಾಗಲಿಲ್ಲ. ಹಳ್ಳಿಯವರಿಗೆ ಈ ಲೆಕ್ಕವೆಲ್ಲ ತಿಳಿಯದು ಎಂಬ ಇನ್ನೊಂದು ಮಾತಿದೆ. ರಕ್ತ ಹಾಕಿಸುವ ದಿನ ತಪ್ಪಿಸದೆ, ಫೆರಿಟಿನ್ ಅಂಕಿ ಬಾಯಿಪಾಠ ಇಟ್ಟುಕೊಂಡು ಬರುವ ತಾಯಿಗೆ ನಾಲ್ಕರಲ್ಲಿ ಒಂದು ಎಂದರೇನೆಂದು ತಿಳಿಯದೇ? ತಿಳಿಯದೆ ಇರುವುದು ದೋಷ ಇಬ್ಬರಿಂದಲೂ ಬಂದಿದೆ ಎಂಬುದು. ಹೇಳುವಾಗ ಗಂಡನನ್ನೂ ಅತ್ತೆಯನ್ನೂ ಕೂರಿಸಿಕೊಂಡು ಹೇಳದಿದ್ದರೆ ಅಪವಾದ ಸೊಸೆಯ ತಲೆಗೇ ಬರುತ್ತದೆ. ದಂಪತಿಯ ಒಡಹುಟ್ಟಿದವರಿಗೂ ಪರೀಕ್ಷೆ ಬೇಕು. ಸೋದರಮಾವನಿಗೆ ಹೆಣ್ಣು ಕೊಡುವ ನಮ್ಮ ನಾಡಿನಲ್ಲಂತೂ ಮದುವೆಯ ಮಾತಿಗೆ ಮುಂಚೆಯೇ ಬೇಕು.

ಈ ಎರಡು ದಿನಗಳ ಚರ್ಚೆಯಿಂದ ದೊಡ್ಡ ಠರಾವೇನೂ ಹೊರಡಬೇಕಿಲ್ಲ. ರಕ್ತ ಹಾಕಿದ ದಿನಾಂಕ ಬರೆಯುವ ಮಗುವಿನ ಪುಸ್ತಕದಲ್ಲಿ ಒಂದು ಪುಟವನ್ನು ತಂದೆತಾಯಿಗೆ ಮೀಸಲಿಡಿ. ಇಬ್ಬರ ಪರೀಕ್ಷೆ ಆಯಿತೇ, ಫಲಿತಾಂಶ ವಿವರಿಸಿದ್ದಾಯಿತೇ, ಯಾರು ವಿವರಿಸಿದರು ಎಂಬ ಮೂರು ಸಾಲು ಅಲ್ಲಿರಲಿ. ಆ ಪುಟ ಖಾಲಿ ಇರುವಷ್ಟು ದಿನ ನಮ್ಮ ಚಿಕಿತ್ಸೆ ಅರ್ಧವೇ.