ನಮ್ಮ ಕೊಡದ ನೀರು ಹುಟ್ಟುವ ಗುಡ್ಡ



ಇವತ್ತು ಒಂದು ಊರಿನ ಬಗ್ಗೆ ಮಾತಾಡೋಣ. ಅದು ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಊರು. ಹೆಸರು ಮಹಾಬಳೇಶ್ವರ. "ಆ ಊರು ತಗೊಂಡು ನಮಗೇನ್ ಆಗಬೇಕ್ರಿ?" ಅಂತ ನೀವು ಕೇಳಬಹುದು. ಹೇಳ್ತೀನಿ, ಕೇಳ್ರಿ.

ವಿಜಯಪುರ ಶಹರಕ್ಕೆ ಕೊಲ್ಹಾರದಿಂದ ಕುಡಿಯುವ ನೀರು ಬರುತ್ತದೆ. ಅದು ಕೃಷ್ಣಾ ನದಿಯ ನೀರು. ಬಬಲೇಶ್ವರ, ತಿಕೋಟಾ ಭಾಗಕ್ಕೆ ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ಬರುತ್ತದೆ. ಅದೂ ಕೃಷ್ಣೆಯ ನೀರೇ. ಆ ಕೃಷ್ಣೆ ಹುಟ್ಟುವುದು ಮಹಾಬಳೇಶ್ವರದ ಗುಡ್ಡದಲ್ಲಿ. ಅಲ್ಲಿಯ ಗುಡ್ಡಕ್ಕೂ ನಮ್ಮ ಕೊಡಕ್ಕೂ ನಂಟು ಅದ.

ಮಳೆ ತಡೆಯುವ ಗುಡ್ಡ

ವಿಜಯಪುರ ಸಮುದ್ರಕ್ಕಿಂತ ಸುಮಾರು 600 ಮೀಟರ್ ಎತ್ತರದಲ್ಲಿದೆ. ಮಹಾಬಳೇಶ್ವರ ಸುಮಾರು 1,350 ಮೀಟರ್ ಎತ್ತರದಲ್ಲಿದೆ. ಅದು ಸಹ್ಯಾದ್ರಿ ಸಾಲಿನ ಊರು.

ಮಳೆಗಾಲದಲ್ಲಿ ಅರಬ್ಬಿ ಸಮುದ್ರದ ಕಡೆಯಿಂದ ಮೋಡ ಬರುತ್ತವೆ. ಸಹ್ಯಾದ್ರಿ ಗುಡ್ಡ ಅವಕ್ಕೆ ಅಡ್ಡ ನಿಲ್ಲುತ್ತದೆ. ಮೋಡ ಮೇಲೆ ಏರಬೇಕು. ಏರಿದಂತೆ ತಂಪಾಗುತ್ತವೆ. ತಂಪಾದರೆ ಮಳೆ ಸುರಿಸುತ್ತವೆ. ಗುಡ್ಡ ದಾಟಿ ನಮ್ಮ ಕಡೆ ಬರುವಾಗ ಮೋಡದಲ್ಲಿ ನೀರು ಕಡಿಮೆ ಆಗಿರುತ್ತದೆ. ನಮ್ಮದು ಬರದ ನಾಡು ಆಗಿದ್ದಕ್ಕೆ ಇದೇ ದೊಡ್ಡ ಕಾರಣ.

ನಮ್ಮಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಆ ನೀರೆಲ್ಲ ಹರಿಯದೆ, ಇಂಗದೆ ಅಂಗಳದಲ್ಲೇ ನಿಂತಿತು ಅನ್ನಿ. ಮೊಣಕಾಲಿನ ಮೇಲೆ ಬರುತ್ತದೆ, ಅಷ್ಟೇ. ಮಹಾಬಳೇಶ್ವರದಲ್ಲಿ 5,000 ಮಿಲಿಮೀಟರಿಗೂ ಹೆಚ್ಚು ಮಳೆ. ಅದು ಹಾಗೇ ನಿಂತರೆ ಮಾಳಗಿಯೇ ಮುಳುಗುತ್ತದೆ!

ಹಳೇ ಮಹಾಬಳೇಶ್ವರದಲ್ಲಿ ಒಂದು ಗುಡಿ ಇದೆ. ಅಲ್ಲಿ ಕಲ್ಲಿನ ಆಕಳ ಬಾಯಿಂದ ನೀರು ಬೀಳುತ್ತದೆ. ಐದು ನದಿ ಅಲ್ಲಿ ಹುಟ್ಟುತ್ತವೆ ಎಂದು ಜನ ಕೈ ಮುಗಿಯುತ್ತಾರೆ. ಕೃಷ್ಣಾ, ಕೊಯ್ನಾ, ವೆಣ್ಣಾ, ಸಾವಿತ್ರಿ, ಗಾಯತ್ರಿ. ಸಾವಿತ್ರಿ ಪಡುವಣ ಸಮುದ್ರಕ್ಕೆ ಹೋಗುತ್ತಾಳೆ. ಕೊಯ್ನಾ, ವೆಣ್ಣಾ ಮುಂದೆ ಕೃಷ್ಣೆಯನ್ನು ಕೂಡುತ್ತಾರೆ. ಕೃಷ್ಣೆ ವಾಯಿ, ಸಾಂಗಲಿ ದಾಟಿ ನಮ್ಮ ನಾಡಿಗೆ ಬರುತ್ತಾಳೆ.

ಸಾಹೇಬರ ಪೇಟೆ

ಇಂಗ್ಲಿಷರಿಗೆ ನಮ್ಮ ಬಿಸಿಲು ತಡೆಯಲಿಲ್ಲ. ತಂಪು ಜಾಗ ಹುಡುಕಿದರು. ಆಗ ಮುಂಬಯಿಯ ಗವರ್ನರ್ ಆಗಿದ್ದವರು ಜಾನ್ ಮಾಲ್ಕಂ. 1828-29ರ ಸುಮಾರಿಗೆ ಅವರು ಸಾತಾರಾದ ರಾಜ ಪ್ರತಾಪಸಿಂಹರಿಂದ ಈ ಗುಡ್ಡದ ಜಾಗ ಪಡೆದರು. ಬದಲಿಗೆ ಬೇರೆ ಹಳ್ಳಿ ಕೊಟ್ಟರು. ಹೊಸ ಊರಿಗೆ ಮಾಲ್ಕಂ ಪೇಟ ಎಂದು ಹೆಸರು ಬಂತು.

ಬೇಸಿಗೆಯಲ್ಲಿ ಮುಂಬಯಿ ಸರಕಾರವೇ ಗುಡ್ಡ ಹತ್ತುತ್ತಿತ್ತು. ನಮ್ಮ ಜಿಲ್ಲೆಯೂ 1956ರವರೆಗೆ ಮುಂಬಯಿ ರಾಜ್ಯದಲ್ಲೇ ಇತ್ತು.

ತಂಪು ಗಾಳಿ ಸಾಹೇಬರಿಗೆ. ದುಡಿತ ಯಾರಿಗೆ? ಅಲ್ಲಿ ಒಂದು ಜೈಲು ಇತ್ತು. ಚೀನಾ, ಮಲಯಾ ಕಡೆಯ ಕೈದಿಗಳನ್ನು ತಂದು ಇಟ್ಟಿದ್ದರು. ಅವರ ಕೈಯಿಂದ ರಸ್ತೆ ಮಾಡಿಸಿದರು. ಬಟಾಟಿ, ಕಾಯಿಪಲ್ಯೆ ಬೆಳೆಸಿದರು. 1864ರಲ್ಲಿ ಆ ಜೈಲು ಮುಚ್ಚಿತು.

ಕಲ್ಲು, ಗಿಡ, ಜೇನು

ಮಳೆಗಾಲ ಮುಗಿದ ಮೇಲೂ ಅಲ್ಲಿ ಝರಿ ಹರಿಯುತ್ತವೆ. ಅದು ಹೇಗೆ? ಗುಡ್ಡದ ತಲೆಯ ಮೇಲೆ ಕೆಂಪು ಕಲ್ಲು ಇದೆ. ಅದರ ತುಂಬ ಸಣ್ಣ ಸಣ್ಣ ತೂತು. ಅದು ನೀರು ಹೀರುತ್ತದೆ. ಕೆಳಗೆ ಗಟ್ಟಿ ಕರಿ ಕಲ್ಲು. ನಮ್ಮ ಎರಿ ಭೂಮಿಯ ಕೆಳಗೂ ಅಂಥದೇ ಕರಿ ಕಲ್ಲು ಇದೆ. ಆ ಕಲ್ಲು ನೀರನ್ನು ಸುಲಭಕ್ಕೆ ಕೆಳಗೆ ಬಿಡುವುದಿಲ್ಲ. ಹಾಗಾಗಿ ನೀರು ಗುಡ್ಡದ ಮಗ್ಗುಲಲ್ಲಿ ಝರಿಯಾಗಿ ಹೊರಗೆ ಬರುತ್ತದೆ.

ಆ ಕಲ್ಲಿನ ಮೇಲೆ ದಟ್ಟ ಕಾಡು. ನೇರಳೆ ಗಿಡ, ಅಳಲೆಕಾಯಿ ಗಿಡ ಬಹಳ. ಗಿಡದ ಎಲೆ ಮಳೆಯ ಹೊಡೆತ ತಡೆಯುತ್ತದೆ. ಬೇರು ಮಣ್ಣು ಹಿಡಿಯುತ್ತದೆ. ಉದುರಿದ ಎಲೆ ನೀರನ್ನು ನಿಧಾನ ಇಂಗಿಸುತ್ತದೆ. ನೇರಳೆ ಹೂವಿಗೆ ಜೇನು ಬರುತ್ತವೆ. ಪೆಟ್ಟಿಗೆಯಲ್ಲಿ ಜೇನು ಸಾಕಿ ಬದುಕುವ ಜನ ಅಲ್ಲಿದ್ದಾರೆ. ಕಾರ್ವಿ ಎಂಬ ಪೊದೆ ಏಳೆಂಟು ವರ್ಷಕ್ಕೊಮ್ಮೆ ಹೂ ಬಿಡುತ್ತದೆ. ಆ ವರ್ಷ ಗುಡ್ಡಕ್ಕೆ ನೀಲಿ ಸೀರೆ ಉಡಿಸಿದಂತೆ ಕಾಣುತ್ತದೆ. ಉದ್ದ ಬಾಲದ ದೊಡ್ಡ ಕೆಂಪು ಅಳಿಲು ಅಲ್ಲಿ ಗಿಡದಿಂದ ಗಿಡಕ್ಕೆ ಜಿಗಿಯುತ್ತದೆ. ನೆಲಕ್ಕೆ ಇಳಿಯುವುದೇ ಅಪರೂಪ. ಗಿಡ ಕಡಿದರೆ ಅದರ ದಾರಿಯೇ ಕಡಿದಂತೆ.

ಇಷ್ಟು ಮಳೆ, ಆದರೂ ತ್ರಾಸು

ಈಗ ಒಂದು ಮಾತು ಕೇಳ್ರಿ. ಇಷ್ಟು ಮಳೆ ಬಿದ್ದರೂ, ಬೇಸಿಗೆಯಲ್ಲಿ ಅಲ್ಲಿಯ ಕೆಲವು ಹಳ್ಳಿಗಳಲ್ಲಿ ನೀರಿನ ತ್ರಾಸು! ಅಲ್ಲಿಯೂ ಕೊಡ ಹೊರುವವರು ಹೆಣ್ಣುಮಕ್ಕಳೇ.

ಮಳೆ ಬಿದ್ದರೆ ಸಾಲದು, ಅದು ನಿಲ್ಲಬೇಕು. ಕಾಡು ಕಡಿದು ಕಟ್ಟಡ ಕಟ್ಟಿದರೆ, ಕಲ್ಲಿನ ಮೇಲೆ ಕಾಂಕ್ರೀಟು ಹಾಕಿದರೆ ನೀರು ಇಂಗುವುದಿಲ್ಲ. ಮಳೆಗಾಲದಲ್ಲಿ ರಭಸದಿಂದ ಓಡುತ್ತದೆ, ಮಣ್ಣು ಕೊಚ್ಚಿಕೊಂಡು ಹೋಗುತ್ತದೆ. ಬೇಸಿಗೆಯಲ್ಲಿ ಝರಿ ಬತ್ತುತ್ತದೆ. ಈ ಕಾಡು ಉಳಿಯಲಿ ಎಂದು ಕೇಂದ್ರ ಸರಕಾರ 2001ರಲ್ಲಿ ಒಂದು ಆದೇಶ ಮಾಡಿತು. ಮಹಾಬಳೇಶ್ವರ, ಪಂಚಗಣಿ ಭಾಗದಲ್ಲಿ ಮನಸ್ಸಿಗೆ ಬಂದಂತೆ ಗಿಡ ಕಡಿಯುವಂತಿಲ್ಲ, ಕಟ್ಟಡ ಕಟ್ಟುವಂತಿಲ್ಲ.

ನಮ್ಮ ಕೈಲಿರುವ ಕೆಲಸ

ಅಷ್ಟು ಮಳೆ ಬೀಳುವಲ್ಲೇ ಹೀಗಾದರೆ, ಮೊಣಕಾಲು ಮಳೆಯ ನಾವು ಎಷ್ಟು ಜೋಪಾನ ಇರಬೇಕು? ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಆದಿಲ್‌ಶಾಹಿ ಕಾಲದಲ್ಲಿ ವಿಜಯಪುರದಲ್ಲಿ ತಾಜ್ ಬಾವಡಿ ಕಟ್ಟಿದರು, ಬೇಗಂ ತಲಾಬ್ ಕಟ್ಟಿದರು.

ಕೃಷ್ಣೆಯ ನೀರು ಬಂತು ಅಂತ ಕೆರೆ, ಬಾವಿ ಮರೆಯಬಾರದು. ಹೊಲಕ್ಕೆ ಒಡ್ಡು ಹಾಕೋಣ. ಬದುವಿಗೆ ಬೇವು, ನೇರಳೆ ಹಚ್ಚೋಣ. ಕೆರೆಗೆ ಕಸ ಹಾಕುವವರನ್ನು ತಡೆಯೋಣ.

ನಿಮ್ಮೂರ ಕೆರೆಯಲ್ಲಿ ಹೂಳು ತುಂಬಿದೆಯೇ? ಗ್ರಾಮಸಭೆಗೆ ಹೋಗ್ರಿ. ಎದ್ದು ನಿಂತು ಕೇಳ್ರಿ. ಅರ್ಜಿಯನ್ನು ನೀವೇ ಬರೀರಿ. ಕೆಳಗೆ ನಿಮ್ಮ ಹೆಸರು ಬರೆದು ಸಹಿ ಮಾಡ್ರಿ. ಇನ್ನು ಹೆಬ್ಬೆಟ್ಟು ಬೇಕಿಲ್ಲ.